ತಂತಿ ತೆಳ್ಳಗಿತ್ತು

ವಾಸನೆ ಮೊದಲು ಬಂದದ್ದು ನನ್ನ ಹೆಂಡತಿಗೆ. ಜಾಂಬೋಟಿ ದಾಟಿ ಕಣಕುಂಬಿ ಕಡೆಗೆ ಹೊರಟಿದ್ದೆವು. ಜುಲೈ ತಿಂಗಳು, ರಾತ್ರಿ ಒಂಬತ್ತರ ಹೊತ್ತು. ಖಾನಾಪುರದ ಕಾಡಿನ ಮಳೆ ಗೊತ್ತಲ್ಲ, ಹೊಡೆಯಲು ಶುರು ಮಾಡಿದರೆ ವೈಪರ್ ಇದ್ದೂ ಇಲ್ಲದ ಹಾಗೆ. "ಏನೋ ಸುಡಾಕತ್ತೈತಿ ನೋಡ್ರಿ" ಅಂದಳು. ಕ್ಲಚ್ ಪ್ಲೇಟ್ ಇರಬೇಕು ಅಂದೆ. ಜೀಪಿನಲ್ಲಿ ಏನೇ ವಾಸನೆ ಬಂದರೂ ನಾನು ಕ್ಲಚ್ ಪ್ಲೇಟ್ ಅಂತಲೇ ಹೇಳುವುದು. ಮಾತು ಮುಗಿಯುವುದರೊಳಗೆ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಹೊಗೆ ಎದ್ದಿತು. ಸ್ಪಾಟ್‌ಲೈಟ್ ಎರಡೂ ಆರಿದವು. ಸ್ವಿಚ್ ಬಂದ್ ಮಾಡೋಣ ಅಂತ ಕೈ ಹಾಕಿದರೆ ಅದು ಮೇಣದ ಹಾಗೆ ಬೆರಳಿಗೆ ಅಂಟಿತು.

ಸೀಟಿನ ಕೆಳಗೆ 10-11ರ ಪಾನಾ ಇತ್ತು. ಮಳೆಯಲ್ಲೇ ಬಾನೆಟ್ ಎತ್ತಿ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿದೆ. ಕೈ ನಡುಗುತ್ತಿತ್ತು, ಪಾನಾ ಎರಡು ಸಲ ಜಾರಿತು. ಟರ್ಮಿನಲ್ ಕಳಚಿದ ಮೇಲೆ ಹೊಗೆ ನಿಂತಿತು. ಆಮೇಲೆ ಕತ್ತಲೆ. ಇಂಥ ಕತ್ತಲೆ ನಾನು ಬೆಳಗಾವಿ ಊರೊಳಗೆ ಯಾವತ್ತೂ ನೋಡಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಉಸಿರಾಡುವುದು ಕೇಳಿಸುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

ಬೆಳಕು ಜಾಸ್ತಿ ಬೇಕು ಅಂತ ಹೋದವನಿಗೆ ಸಿಕ್ಕಿದ್ದು ಇದು.

ಲೈಟ್ ಹಾಕಿಸಲು ಕಾರಣ ಇತ್ತು. ಕಣಕುಂಬಿ ಹತ್ತಿರ ನಮ್ಮ ಮಾವನವರ ಗೋಡಂಬಿ ತೋಟ ಇದೆ. ವಾರ ಬಿಟ್ಟು ವಾರ ಹೋಗಬೇಕು, ಆಫೀಸ್ ಮುಗಿಸಿ ಹೊರಟರೆ ರಾತ್ರಿಯೇ ಆಗುತ್ತದೆ. ರಸ್ತೆಯ ಎಡಬಲಕ್ಕೆ ಕಾಡು. 2011ರಲ್ಲಿ ಭೀಮಗಡ ವನ್ಯಧಾಮ ಆದದ್ದು ಇದೇ ಸೀಮೆಯಲ್ಲಿ. ಕಾಟಿ, ಅಂದರೆ ಕಾಡುಕೋಣ, ಯಾವಾಗ ರಸ್ತೆಗೆ ಇಳಿಯುತ್ತದೆ ಅಂತ ಹೇಳಲಾಗುವುದಿಲ್ಲ. ಮೈಯೆಲ್ಲ ಕಪ್ಪು, ರಸ್ತೆಯೂ ಕಪ್ಪು. ಅದು ನಮ್ಮ ಕಡೆ ಮುಖ ಮಾಡಿದರೆ ಕಣ್ಣು ಹೊಳೆಯುತ್ತವೆ, ಗೊತ್ತಾಗುತ್ತದೆ. ಅಡ್ಡ ನಿಂತಿದ್ದರೆ ಕತ್ತಲೆಯ ಒಂದು ತುಂಡು ಅಷ್ಟೇ. ನನ್ನ ಜೀಪು 1980ರ ದಶಕದ ಡೀಸೆಲ್ ಗಾಡಿ. ಅದರ ಹೆಡ್‌ಲೈಟು ದೇವರ ಮನೆಯ ಸಣ್ಣ ಬಲ್ಬಿನ ಹಾಗೆ ಹಳದಿ ಹಳದಿ. ಹಳೆ ಗಾಡಿ, ಅದರ ಬೆಳಕೇ ಇಷ್ಟು ಅಂದುಕೊಂಡಿದ್ದೆ. ಊರಿನ ಒಂದು ಅಂಗಡಿಗೆ ಹೋಗಿ ಬಂಪರಿನ ಮೇಲೆ 100 ವ್ಯಾಟಿನ ಎರಡು ಹ್ಯಾಲೊಜನ್ ಸ್ಪಾಟ್ ಹಾಕಿಸಿದೆ. ಅವರು ಒಂದು ತಾಸಿನಲ್ಲಿ ಕೂರಿಸಿ, ಸ್ವಿಚ್ ಒತ್ತಿ ತೋರಿಸಿ, ದುಡ್ಡು ಎಣಿಸಿಕೊಂಡರು. ಹಗಲು ಹೊತ್ತಿನಲ್ಲೂ ಕಣ್ಣು ಕುಕ್ಕುವ ಬೆಳಕು. ನನಗೆ ಭಾರಿ ಖುಷಿ.

ಸುಟ್ಟ ಮೇಲೆ ಗಾಡಿಯನ್ನು ಟೋ ಮಾಡಿಸಿ ಆಟೋ ನಗರಕ್ಕೆ ತಂದೆ. ಅಲ್ಲಿ ಒಬ್ಬ ವೈರಿಂಗ್ ಮಿಸ್ತ್ರಿ ಇದ್ದಾರೆ. ವಯಸ್ಸಾದವರು, ಎಲ್ಲರೂ ಚಾಚಾ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಟ್ರ್ಯಾಕ್ಟರ್, ಟಿಪ್ಪರ್, ಶಾಲೆಯ ವ್ಯಾನು, ಏನು ಬಂದರೂ ಮೊದಲು ಟೆಸ್ಟ್ ಲ್ಯಾಂಪ್ ಹಿಡಿದು ನೆಲದ ಮೇಲೆ ಕೂತುಬಿಡುತ್ತಾರೆ. ನನ್ನ ಜೀಪಿನ ಬಾನೆಟ್ ಎತ್ತಿ ಎರಡು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದರು: "ಫ್ಯೂಜ್ ಎಲ್ಲೈತ್ರಿ ಇದಕ್ಕ?"

ಫ್ಯೂಜ್ ಇರಲಿಲ್ಲ. ರಿಲೇನೂ ಇರಲಿಲ್ಲ. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಎಂಎಂ (ಅಂಗಡಿ ಲೆಕ್ಕದಲ್ಲಿ ಒಂದು ಚದರ ಮಿಲಿಮೀಟರ್) ವಾಯರ್ ನೇರ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ, ಅಲ್ಲಿಂದ ಮತ್ತೆ ಬಂಪರಿಗೆ. ಇಂಜಿನ್ ಕಡೆಯಿಂದ ಒಳಗೆ ಬರುವ ತಗಡಿನಲ್ಲಿ ಒಂದು ತೂತು ಕೊರೆದು ತೂರಿಸಿದ್ದರು. ಆ ತೂತಿಗೆ ರಬ್ಬರ್ ಬುಷ್ ಇಲ್ಲ. ಡೀಸೆಲ್ ಜೀಪು ನಿಂತಲ್ಲೇ ನಡುಗುತ್ತದೆ. ತಗಡಿನ ಅಂಚು ದಿನಾ ಸ್ವಲ್ಪ ಸ್ವಲ್ಪ ವಾಯರಿನ ತೊಗಟೆ ಕೆರೆದಿದೆ. ಅವತ್ತು ತಾಮ್ರ ತಗಡಿಗೆ ತಾಗಿದೆ, ಅಷ್ಟೇ.

ಲೆಕ್ಕ ಆಮೇಲೆ ನಾನೇ ಹಾಕಿದೆ. ಎರಡು ಲೈಟಿಗೆ 200 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದರೆ 16.7 ಆಂಪಿಯರ್. ಮನೆಯಲ್ಲಿ 230 ವೋಲ್ಟಿಗೆ ಅದೇ 200 ವ್ಯಾಟ್ ಅಂದರೆ ಒಂದು ಆಂಪಿಯರ್ ಕೂಡ ಆಗುವುದಿಲ್ಲ. ನಾವೆಲ್ಲ ಮೋಸ ಹೋಗುವುದು ಇಲ್ಲೇ. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಹಾಗಾಗಿ ಅದು ಪಾಪದ್ದು ಅಂದುಕೊಳ್ಳುತ್ತೇವೆ. ಆದರೆ ಬ್ಯಾಟರಿ ಅನ್ನುವುದು ಡೀಸೆಲ್ ಇಂಜಿನ್ನಿನ ಸೆಲ್ಫ್ ತಿರುಗಿಸಲು ನೂರಾರು ಆಂಪಿಯರ್ ಒಂದೇ ಏಟಿಗೆ ಕೊಡುವ ಪ್ರಾಣಿ. ಅದರ ಪ್ಲಸ್ ಸೀದಾ ಬಾಡಿಗೆ ತಾಗಿದರೆ ಮಧ್ಯದ ವಾಯರು ಹೀಟರ್ ಕಾಯಿಲ್ ಆಗುತ್ತದೆ. ಸ್ವಿಚ್ ಅಂತೂ ತಿಂಗಳುಗಳಿಂದ ಬೇಯುತ್ತಿತ್ತು. ಹದಿನಾರು ಆಂಪಿಯರ್ ಹೊರುವ ಸ್ವಿಚ್ ಅದಲ್ಲ.

"ಫ್ಯೂಜ್ ಲೈಟ್ ಸಲುವಾಗಿ ಅಲ್ರಿ, ವಾಯರ್ ಸಲುವಾಗಿ" ಅಂದರು ಚಾಚಾ. ಇದು ನನಗೆ ಹೊಸದು. ಫ್ಯೂಜ್ ಇರುವುದು ಬಲ್ಬ್ ಕಾಯಲು ಅಂತಲೇ ನಾನು ತಿಳಿದಿದ್ದೆ. ಬಲ್ಬ್ ಹೋದರೆ ಹೋಗಲಿ, ಹೊಸದು ಹಾಕಬಹುದು. ವಾಯರ್ ಹೊತ್ತಿಕೊಂಡರೆ ಗಾಡಿಯೇ ಹೋಗುತ್ತದೆ. ಅದಕ್ಕೇ ಫ್ಯೂಜನ್ನು ಲೈಟಿನ ಹತ್ತಿರ ಹಾಕಬಾರದು, ಬ್ಯಾಟರಿಯ ಹತ್ತಿರ, ಒಂದು ಗೇಣಿನೊಳಗೆ ಹಾಕಬೇಕು. ಫ್ಯೂಜಿಗೂ ಬ್ಯಾಟರಿಗೂ ನಡುವಿನ ತುಂಡು ವಾಯರಿಗೆ ಯಾವ ಕಾವಲೂ ಇಲ್ಲ. ಆ ತುಂಡು ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು.

ನಾನು ಹೊಸ ಸ್ವಿಚ್, ಹೊಸ ವಾಯರ್, ರಿಲೇ, ಎಲ್ಲ ಹಾಕಿ ಅದೇ ಸ್ಪಾಟ್ ಮತ್ತೆ ಉರಿಯುವಂತೆ ಮಾಡಿ ಅಂದೆ. ಚಾಚಾ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಇಂಜಿನ್ ಚಾಲೂ ಮಾಡಿಸಿ ಹೆಡ್‌ಲೈಟ್ ಹಾಕಿಸಿದರು. ಮುಂದೆ ಹೋಗಿ ನಿಂತು ನೋಡಿ, "ಇದ್ಯಾಕ್ರಿ ಹಿಂಗ ಅಳಾಕತ್ತೈತಿ?" ಅಂದರು. ಮೀಟರ್ ತಂದರು. ಬ್ಯಾಟರಿಯ ಮೇಲೆ ಇಟ್ಟರೆ 13.8 ವೋಲ್ಟ್. ಹೆಡ್‌ಲೈಟ್ ಬಲ್ಬಿನ ಹಿಂದಿನ ಸಾಕೆಟ್ಟಿನಲ್ಲಿ ಇಟ್ಟರೆ 11.2.

ಎರಡೂವರೆ ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಕಳೆದುಹೋಗಿತ್ತು.

ಹಳೆ ಗಾಡಿಗಳಲ್ಲಿ ಹೆಡ್‌ಲೈಟಿನ ಕರೆಂಟು ಎಷ್ಟು ಸುತ್ತುತ್ತದೆ ಅಂತ ಅವತ್ತು ಬೆರಳಿಟ್ಟು ತೋರಿಸಿದರು. ಬ್ಯಾಟರಿಯಿಂದ ಡ್ಯಾಶ್‌ಬೋರ್ಡ್, ಅಲ್ಲಿ ಲೈಟಿನ ಸ್ವಿಚ್, ಅಲ್ಲಿಂದ ಕೆಳಗೆ ನೆಲದ ಮೇಲಿನ ಕಾಲು ಡಿಪ್ಪರ್, ಅಲ್ಲಿಂದ ಮತ್ತೆ ಮುಂದಕ್ಕೆ ಬಂದು ಬಲ್ಬು. ಅಪ್ಪರಿನಲ್ಲಿ (ದೂರ ಹೊಡೆಯುವ ಬೆಳಕು; ತಗ್ಗಿಸಿದ್ದು ಡಿಪ್ಪರ್) 60 ವ್ಯಾಟಿನ ಎರಡು ಬಲ್ಬು, ಅಂದರೆ 10 ಆಂಪಿಯರ್, ಇಷ್ಟೂ ದಾರಿ ತೆಳ್ಳಗಿನ ವಾಯರಿನಲ್ಲಿ ಓಡಬೇಕು. ಒಂದು ಎಂಎಂ ತಾಮ್ರದ ವಾಯರಿಗೆ ಮೀಟರಿಗೆ ಸುಮಾರು 0.018 ಓಮ್ ತಡೆ. ಕೇಳಲು ಏನೂ ಅಲ್ಲ. ಏಳು ಮೀಟರ್ ಸುತ್ತಿ, ಹತ್ತು ಆಂಪಿಯರ್ ಹರಿಸಿದರೆ ಒಂದೂಕಾಲು ವೋಲ್ಟ್ ಹೋಯಿತು. ಉಳಿದದ್ದು ಕಿಲುಬು ಹಿಡಿದ ಸ್ವಿಚ್ಚಿನಲ್ಲಿ, ಡಿಪ್ಪರಿನಲ್ಲಿ, ಮತ್ತು ಅರ್ಥಿನಲ್ಲಿ.

ಅರ್ಥಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಗಾಡಿಯ ವೈರಿಂಗಿನಲ್ಲಿ ಎಲ್ಲರೂ ಪ್ಲಸ್ ವಾಯರಿನ ಹಿಂದೆ ಬೀಳುತ್ತಾರೆ. ಹೋದ ಕರೆಂಟು ವಾಪಸ್ ಬರಬೇಕಲ್ಲ, ಅದನ್ನು ಬಾಡಿಗೆ ಬಿಟ್ಟುಬಿಡುತ್ತಾರೆ. ಬಾಡಿ ಅಂದರೆ ತಗಡು, ಅದರ ಮೇಲೆ ಬಣ್ಣ, ಬಣ್ಣದ ಕೆಳಗೆ ತುಕ್ಕು. ಖಾನಾಪುರದ ಮಳೆಯಲ್ಲಿ ಹತ್ತು ವರ್ಷ ನೆನೆದ ಜೀಪಿನ ತಗಡು ಅರ್ಧ ಮಣ್ಣೇ. ಚಾಚಾ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಲೈಟಿನ ಅರ್ಥ್ ಸ್ಕ್ರೂಗೆ ಹಿಡಿದರು. ಸೊನ್ನೆಯ ಹತ್ತಿರ ಇರಬೇಕಾದ ಮುಳ್ಳು 0.8 ತೋರಿಸಿತು. ಸ್ಕ್ರೂ ಬಿಚ್ಚಿ, ಜಾಗವನ್ನು ಪಾಲಿಶ್ ಪೇಪರಿನಿಂದ ಬೆಳ್ಳಗೆ ಹೊಳೆಯುವ ತನಕ ಉಜ್ಜಿ, ಹಲ್ಲಿರುವ ವಾಷರ್ ಹಾಕಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಬಳಿದರು. ಮತ್ತೆ ಮೀಟರ್ ಇಟ್ಟರೆ ಆ ಎಂಟು ಎಲ್ಲೋ ಮಾಯ. ಐದು ಪೈಸೆ ಖರ್ಚಿಲ್ಲದ ಕೆಲಸ.

ಇಲ್ಲಿ ಇನ್ನೊಂದು ಮಾತು ಇದೆ. ಎರಡೂವರೆ ವೋಲ್ಟ್ ಹೋದರೆ ಬೆಳಕು ಐದರಲ್ಲಿ ಒಂದು ಪಾಲು ಕಡಿಮೆ ಆಗುತ್ತದೆ ಅಂತ ನಾನು ಅಂದಾಜು ಮಾಡಿದ್ದೆ. ಹಾಗಲ್ಲ. ಹ್ಯಾಲೊಜನ್ ಬಲ್ಬಿನಲ್ಲಿ ಹತ್ತರಲ್ಲಿ ಒಂದು ಪಾಲು ವೋಲ್ಟೇಜ್ ಹೋದರೆ ಬೆಳಕಿನಲ್ಲಿ ಸುಮಾರು ಮೂರು ಪಾಲು ಹೋಗುತ್ತದೆ. ಒಳಗಿನ ತಂತಿ ತಣ್ಣಗಾದಷ್ಟೂ ಅದರ ಶಕ್ತಿ ಬೆಳಕಾಗುವುದನ್ನು ಬಿಟ್ಟು ಬರೀ ಶಾಖ ಆಗುತ್ತದೆ. ನನ್ನ 11.2 ವೋಲ್ಟಿಗೆ ಸಿಗುತ್ತಿದ್ದದ್ದು ಅರ್ಧ ಬೆಳಕು. ಆ ಹಳದಿ ಬಣ್ಣ ಹಳೆ ಗಾಡಿಯ ಗುಣ ಆಗಿರಲಿಲ್ಲ. ಬಲ್ಬ್ ಹೊಟ್ಟೆಗಿಲ್ಲದೆ ಉರಿಯುತ್ತಿತ್ತು.

ನನಗೆ ನಿಜವಾಗಿ ನಾಚಿಕೆ ಆಯಿತು. ಇದ್ದ ಲೈಟಿಗೆ ಊಟ ಹಾಕದೆ ಇನ್ನೆರಡು ಲೈಟ್ ತಂದು ಕೂರಿಸಿದ್ದೆ.

ಚಾಚಾ ಎರಡು ರಿಲೇ ಹೆಡ್‌ಲೈಟಿಗೇ ಹಾಕಿದರು, ಅಪ್ಪರಿಗೊಂದು ಡಿಪ್ಪರಿಗೊಂದು. ರಿಲೇ ಅಂದರೇನು ಅಂತ ನಮ್ಮ ಕಡೆಯವರಿಗೆ ನಾನು ಹೀಗೆ ಹೇಳುತ್ತೇನೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಇದೆ. ಅಲ್ಲಿ ಗೇಟು ಎತ್ತುವವನು ತಿರುಗಿಸುವುದು ಒಂದು ಚಕ್ರ. ನೀರು ಅವನ ಕೈಯ ಮೇಲೆ ಹಾದು ಹೋಗುವುದಿಲ್ಲ. ರಿಲೇಯೂ ಹಾಗೇ. ಡ್ಯಾಶ್‌ಬೋರ್ಡಿನ ಸ್ವಿಚ್ಚು ರಿಲೇಯೊಳಗಿನ ಸಣ್ಣ ಸುರುಳಿಗೆ ಕಾಲು ಆಂಪಿಯರಿಗೂ ಕಡಿಮೆ ಕರೆಂಟು ಕಳಿಸುತ್ತದೆ. ಸುರುಳಿ ಅಯಸ್ಕಾಂತವಾಗಿ ಒಳಗಿನ ಪಟ್ಟಿಯನ್ನು 'ಟಕ್' ಅಂತ ಎಳೆಯುತ್ತದೆ. ದೊಡ್ಡ ಕರೆಂಟು ಬ್ಯಾಟರಿಯಿಂದ ದಪ್ಪ ವಾಯರಿನಲ್ಲಿ, ಹತ್ತಿರದ ದಾರಿಯಲ್ಲಿ, ಸೀದಾ ಬಲ್ಬಿಗೆ. ಸ್ವಿಚ್ಚಿಗೆ ಅದರ ಬಿಸಿಯೇ ತಟ್ಟುವುದಿಲ್ಲ.

ರಿಲೇಯ ಕಾಲುಗಳ ಪಕ್ಕ ನಂಬರ್ ಇರುತ್ತವೆ. 30 ಅಂದರೆ ಬ್ಯಾಟರಿಯಿಂದ ಬರುವುದು, 87 ಲೈಟಿಗೆ ಹೋಗುವುದು, 85 ಮತ್ತು 86 ಸುರುಳಿಯವು. ಇವು ಯಾರೋ ಅಂಗಡಿಯವರು ಕೊಟ್ಟ ನಂಬರಲ್ಲ, ಜರ್ಮನಿಯ ಡಿನ್ 72552 ಅನ್ನುವ ಮಾನಕದ್ದು. ಚಾವಿ ಸ್ವಿಚ್ಚಿನ ಹಿಂದಿರುವ 15, 50 ಕೂಡ ಅದೇ ಲೆಕ್ಕದ್ದು, 15 ಚಾವಿ ತಿರುಗಿಸಿದಾಗ ಬರುವ ಕರೆಂಟು, 50 ಸೆಲ್ಫಿಗೆ ಹೋಗುವುದು. ಚಾಚಾ ಶಾಲೆ ಮೂರನೇ ಇಯತ್ತೆಗೆ ಬಿಟ್ಟವರು. ಉರ್ದು, ಮರಾಠಿ, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸುತ್ತಾರೆ. ಆದರೆ "ತೀಸ್ ನಂಬರಿಗೆ ಕೆಂಪು ಕೊಡು" ಅಂತ ಹುಡುಗನಿಗೆ ಕೂಗುವಾಗ ಅವರು ಓದುತ್ತಿರುವುದು ಜರ್ಮನ್ ಲಿಪಿಯನ್ನೇ ಅಲ್ವಾ?

ಎರಡೂವರೆ ಎಂಎಂ ವಾಯರ್, ಬ್ಯಾಟರಿ ಪಕ್ಕ ಫ್ಯೂಜ್, ತೂತಿಗೆ ರಬ್ಬರ್ ಬುಷ್, ವಾಯರಿನ ಮೇಲೆ ಕಪ್ಪು ಸ್ಲೀವ್. ಜೋಡಣೆಗಳಿಗೆ ಬರೀ ಟೇಪ್ ಸುತ್ತಲಿಲ್ಲ, ಥಿಂಬಲ್ ಹಾಕಿ ಒತ್ತಿದರು. ಮಧ್ಯಾಹ್ನ ಮತ್ತೆ ಮೀಟರ್ ಇಟ್ಟಾಗ ಬಲ್ಬಿನಲ್ಲಿ 13.4 ವೋಲ್ಟ್ ಬಂತು. ಅವತ್ತು ರಾತ್ರಿ ಖಾನಾಪುರ ರಸ್ತೆಯಲ್ಲಿ ಒಂದು ಸುತ್ತು ಹೊಡೆದೆ. ಅದೇ ಬಲ್ಬು, ಅದೇ ಗಾಜು. ಬೆಳ್ಳಗಿನ ಬೆಳಕು ಮುಂದೆ ಹಾಸಿತ್ತು. ಇಷ್ಟು ವರ್ಷ ನಾನು ಏನು ನೋಡಿಕೊಂಡು ಗಾಡಿ ಓಡಿಸಿದೆ ಅಂತ ಆಶ್ಚರ್ಯವಾಯಿತು. ಹೌದು, ಪೂರ್ತಿ ವೋಲ್ಟ್ ಕೊಟ್ಟರೆ ಬಲ್ಬಿನ ಆಯಸ್ಸು ಕಡಿಮೆ ಆಗುತ್ತದೆ. ವರ್ಷದೊಳಗೆ ಒಂದು ಹೋಯಿತು. ಹೋಗಲಿ ಬಿಡಿ.

ಸ್ಪಾಟ್ ಕಥೆ ಏನಾಯಿತು ಅಂತ ಕೇಳುತ್ತೀರಿ. ಹಾಕಿಸಿದೆ. ಹಟ ಸುಮ್ನೆ ಹೋಗುತ್ತದೆಯೇ? ಆದರೆ ಚಾಚಾ 100 ವ್ಯಾಟಿನ ಬಲ್ಬು ತೆಗೆದು 55ರದ್ದು ಹಾಕಿದರು. ಹಳೆ ಜೀಪಿನ ಡೈನಮೋ ಮಾಡುವ ಕರೆಂಟೇ ಅಷ್ಟಕ್ಕಷ್ಟೇ, ಮಳೆಗಾಲದಲ್ಲಿ ವೈಪರ್, ಹೆಡ್‌ಲೈಟ್, ಸ್ಪಾಟ್ ಎಲ್ಲ ಒಟ್ಟಿಗೆ ಹಾಕಿದರೆ ಬ್ಯಾಟರಿ ತಿನ್ನುತ್ತಾ ಹೋಗುತ್ತದೆ ಅಂದರು. 110 ವ್ಯಾಟ್, ಒಂಬತ್ತು ಹತ್ತು ಆಂಪಿಯರ್, ಅದಕ್ಕೆ ನೀಲಿ ಬಣ್ಣದ 15ರ ಫ್ಯೂಜ್. ಎಲ್‌ಇಡಿ ಹಾಕೋಣವೇ ಅಂದಾಗ ಮೂಲೆಯಿಂದ ಒಂದು ಹಾಳಾದ ಲೈಟ್ ಬಾರ್ ತಂದು ತೋರಿಸಿದರು. ಮೇಲೆ 180 ವ್ಯಾಟ್ ಅಂತ ಚೀಟಿ. ಅದರಲ್ಲಿ ಉರಿಯುವ ಅರ್ಧಕ್ಕೆ ಮೀಟರ್ ಹಾಕಿದರೆ ಒಂದು ಆಂಪಿಯರ್. ಪೂರ್ತಿ ಉರಿದರೂ 26 ವ್ಯಾಟ್ ದಾಟುತ್ತಿರಲಿಲ್ಲ. ಒಳ್ಳೆಯ ಎಲ್‌ಇಡಿ ಒಳ್ಳೆಯದೇ, ಕಡಿಮೆ ಕರೆಂಟಿಗೆ ಜಾಸ್ತಿ ಬೆಳಕು. ಚೀಟಿಯ ಮೇಲಿನ ವ್ಯಾಟನ್ನು ಮಾತ್ರ ನಂಬಬೇಡಿ.

ಒಂದು ವಿಷಯದಲ್ಲಿ ಅವರು ನನ್ನ ಮಾತು ಕೇಳಲೇ ಇಲ್ಲ. ಸ್ಪಾಟಿಗೆ ಬೇರೆಯದೇ ಸ್ವಿಚ್ ಇರಲಿ, ಯಾವಾಗ ಬೇಕಾದರೂ ಹಾಕಿಕೊಳ್ಳುವಂತಿರಲಿ ಅಂದೆ. "ಇಲ್ರಿ. ನೀವು ಡಿಪ್ಪರ್ ಹೊಡದ್ರ ಅದೂ ಬಂದ್ ಆಗಬೇಕು." ರಿಲೇಯ ಸುರುಳಿಗೆ ಕರೆಂಟನ್ನು ಅಪ್ಪರ್ ವಾಯರಿನಿಂದ ತಂದು, ಮಧ್ಯ ನನ್ನ ಸ್ವಿಚ್ ಇಟ್ಟರು. ಈಗ ಸ್ವಿಚ್ ಹಾಕಿದ್ದರೂ ಅಪ್ಪರ್ ಇದ್ದರೆ ಮಾತ್ರ ಸ್ಪಾಟ್ ಉರಿಯುತ್ತದೆ. ಎದುರು ಗಾಡಿ ಬಂದಾಗ ಎಡಗಾಲು ಒಂದು ಸಲ ಒತ್ತಿದರೆ ಎಲ್ಲ ಒಟ್ಟಿಗೆ ಇಳಿಯುತ್ತವೆ.

ಅವರ ಹಟ ಯಾಕೆ ಅಂತ ನವೆಂಬರಿನಲ್ಲಿ ತಿಳಿಯಿತು. ಕಬ್ಬಿನ ಸೀಜನ್. ಬೈಲಹೊಂಗಲ, ಗೋಕಾಕ, ಆ ಕಡೆ ಮುಧೋಳ, ಜಮಖಂಡಿ, ಯಾವ ರಸ್ತೆಗೆ ರಾತ್ರಿ ಹೋದರೂ ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು, ಟ್ರೇಲರಿನ ಅಗಲಕ್ಕಿಂತ ಹೊರಗೆ ಚಾಚಿದ ಕಬ್ಬು. ಹಿಂದೆ ಕೆಂಪು ಲೈಟ್ ಇಲ್ಲ, ಎಷ್ಟೋ ಸಲ ರಿಫ್ಲೆಕ್ಟರೂ ಇಲ್ಲ. ಮುಂದೆ ಮಾತ್ರ ಜಾತ್ರೆ: ಬಿಳಿ, ನೀಲಿ, ಮಿಣಮಿಣ, ಟಾಪಿನ ಮೇಲೆ ನಾಲ್ಕು ಎಲ್‌ಇಡಿ, ಜೊತೆಗೆ ಹಾಡು. ಅಂಥ ಒಂದು ಎದುರು ಬಂದು ದಾಟಿ ಹೋದಾಗ ಕಣ್ಣಿಗೆ ಕಪ್ಪು ಪರದೆ ಬೀಳುತ್ತದೆ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಅದನ್ನು ಕೆಡಿಸಲು ಒಂದು ಸೆಕೆಂಡ್ ಸಾಕು. ಆ ಕುರುಡಿನ ಹೊತ್ತಿನಲ್ಲೇ ಮುಂದೆ ಇನ್ನೊಂದು ಟ್ರೇಲರಿನ ಬೆನ್ನು ನಿಂತಿರುತ್ತದೆ. ಅವತ್ತು ನನಗೂ ಅದಕ್ಕೂ ನಡುವೆ ಎರಡು ಮಾರು ಉಳಿದಿತ್ತು.

2024ರ ಜುಲೈನಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ಕೇಸು ಹಾಕತೊಡಗಿದಾಗ ಜೀಪಿನ ಗೆಳೆಯರು ಗೊಣಗಿದರು. ನಾನು ಗೊಣಗಲಿಲ್ಲ. 2017ರ ಡಿಸೆಂಬರಿನಲ್ಲಿ ಬಂಪರಿನ ಮುಂದೆ ಹಾಕಿಸುವ ಕಬ್ಬಿಣದ ಬುಲ್ ಗಾರ್ಡ್ ಬೇಡ ಅಂತ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಾಗ ಮಾತ್ರ ನಾನೂ ಜೋರಾಗಿಯೇ ಗೊಣಗಿದ್ದೆ. ಆಮೇಲೆ ನನ್ನದನ್ನು ಗುಜರಿಗೆ ಹಾಕಿ ಲೈಟಿಗೆ ಬಂಪರಿನ ಮೇಲೆ ಸಣ್ಣ ಪಟ್ಟಿ ಮಾಡಿಸಿದೆ. ಈಗ ಡಾಂಬರು ರಸ್ತೆಯಲ್ಲಿ ಇರುವಷ್ಟು ಹೊತ್ತು ಸ್ಪಾಟಿನ ಮೇಲೆ ಕಪ್ಪು ಮುಚ್ಚಳ ಇರುತ್ತದೆ. ತೋಟದ ಕಚ್ಚಾ ದಾರಿಗೆ ಇಳಿದ ಮೇಲೆ ತೆಗೆಯುತ್ತೇನೆ. ಅಲ್ಲಿ ಅದರ ಕೆಲಸ ಇದೆ. ಹಳ್ಳದ ಆಚೆ ದಂಡೆ ಎಲ್ಲಿದೆ, ಮರ ಬಿದ್ದಿದೆಯೋ ಇಲ್ಲವೋ ಅಂತ ದೂರದಿಂದಲೇ ಗೊತ್ತಾಗುತ್ತದೆ. ಕಾಟಿ ಕಂಡರೆ ಆರಿಸಿ ನಿಲ್ಲುತ್ತೇನೆ. ಬೆಳಕು ಬಿದ್ದರೆ ಅದು ಓಡುವುದಿಲ್ಲ, ನಿಂತು ನೋಡುತ್ತದೆ. ಆರಿಸಿದರೆ ಸ್ವಲ್ಪ ಹೊತ್ತಿಗೆ ಎಲೆ ತುಳಿಯುವ ಸದ್ದು ಕೇಳುತ್ತದೆ, ಹೋಯಿತು ಅಂತ ಅರ್ಥ.

ಲೈಟಿನ ದಿಕ್ಕು ಸರಿ ಮಾಡಿದ್ದು ಒಂದು ಭಾನುವಾರ ಸಂಜೆ, ಉದ್ಯಮಬಾಗದ ಒಂದು ಗೋಡೌನಿನ ಗೋಡೆಯ ಮುಂದೆ. ಗೋಡೆಯಿಂದ 25 ಅಡಿ ದೂರ ಗಾಡಿ ನಿಲ್ಲಿಸಿ, ಲೈಟ್ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಬೆಳಕಿನ ಗುಂಡು ಗೆರೆಗಿಂತ ಸ್ವಲ್ಪ ಕೆಳಗೆ ಬೀಳುವಂತೆ ಬೋಲ್ಟ್ ಬಿಗಿ ಮಾಡಿದೆ. ಅಲ್ಲಿನ ವಾಚ್‌ಮನ್ ಬಂದು ಕುರ್ಚಿ ಹಾಕಿಕೊಂಡು ಕೂತ. "ಪಿಕ್ಚರ್ ಯಾವಾಗ ಚಾಲೂ ಆಗ್ತದ್ರಿ ಸರ?" ಅಂದ.

ಹೋದ ಆಗಸ್ಟಿನಲ್ಲಿ ಚೋರ್ಲಾ ಘಾಟ್ ಕಡೆ ಹೋಗಿದ್ದೆವು, ನಾನು ಮತ್ತು ಹೆಂಡತಿಯ ತಮ್ಮ. ವಾಪಸ್ ಬರುವಾಗ ಕತ್ತಲಾಯಿತು, ಮಂಜು ಇಳಿಯಿತು. ಇಂಥ ಹೊತ್ತಿಗೇ ಅಲ್ವಾ ಸ್ಪಾಟ್ ಇರುವುದು ಅಂತ ನಾನು ಮುಚ್ಚಳ ತೆಗೆದು ಹಾಕಿದೆ. ಮುಂದೆ ಒಂದು ಬಿಳಿ ಗೋಡೆ ಎದ್ದು ನಿಂತಿತು. ರಸ್ತೆ ಇಲ್ಲ, ಮರ ಇಲ್ಲ, ಬಾನೆಟ್ ಕೂಡ ಅರ್ಧ ಇಲ್ಲ. ಮಂಜು ಅಂದರೆ ನೀರಿನ ಹನಿ. ಎದುರು ಬಿದ್ದ ಬೆಳಕನ್ನು ನಮ್ಮ ಕಣ್ಣಿಗೇ ವಾಪಸ್ ಎಸೆಯುತ್ತದೆ. ಬೆಳಕು ಜಾಸ್ತಿ ಆದಷ್ಟೂ ಗೋಡೆ ಗಟ್ಟಿ. ಮಂಜಿಗೆ ಬೇಕಾದದ್ದು ದೂರ ಹೊಡೆಯುವ ಲೈಟಲ್ಲ, ಬಂಪರಿನ ಕೆಳಗೆ ನೆಲಕ್ಕೆ ಹತ್ತಿರ ಇದ್ದು, ಅಗಲಕ್ಕೆ ಹರಡಿ, ಮೇಲಕ್ಕೆ ಒಂದು ಚೂರೂ ಏಳದ ಬೆಳಕು. ಅದು ನನ್ನ ಹತ್ತಿರ ಇರಲಿಲ್ಲ.

"ಮಾಮಾ, ಅದನ್ನ ಬಂದ್ ಮಾಡ್ರಿ ಮೊದಲ" ಅಂದ ಹುಡುಗ. ಡಿಪ್ಪರಿಗೆ ಇಳಿಸಿದೆ. ಗೋಡೆ ಸ್ವಲ್ಪ ಹಿಂದೆ ಸರಿಯಿತು. ರಸ್ತೆಯ ಅಂಚಿನ ಬಿಳಿ ಗೆರೆ ಎರಡು ಮಾರು ಕಂಡಿತು. ಅವನು ರೇನ್‌ಕೋಟ್ ಹಾಕಿಕೊಂಡು ಕೆಳಗಿಳಿದು, ಆ ಗೆರೆ ಹಿಡಿದು ಮುಂದೆ ನಡೆದ. ನಾನು ಫಸ್ಟ್ ಗೇರಿನಲ್ಲಿ ಹಿಂದೆ. ಒಂದು ತಿರುವಿನಲ್ಲಿ ನಿಂತು, ತಿರುಗಿ ನೋಡಿ, ಎರಡೂ ಕೈ ಕಣ್ಣಿಗೆ ಅಡ್ಡ ಹಿಡಿದು ಕೂಗಿದ: "ಮಾಮಾ, ಕಣ್ ಕಾಣವಲ್ದು, ಡಿಪ್ಪರಿಗೆ ಹಾಕ್ರಿ!"

ಡಿಪ್ಪರೇ ಇತ್ತು.